ಮನೇಲೇ ಮಾಡಬಹುದು: ಒಂದು ಮಹಾವಾಕ್ಯ ವಿಚಾರ

ಅದ್ವೈತಿಗಳಿಗೆ ಮಹಾವಾಕ್ಯಗಳು ನಾಲ್ಕು, ಗೃಹಸ್ಥರಿಗೆ ಒಂದೇ: ‘ಇದನ್ನ ಮನೇಲೇ ಮಾಡಬಹುದು.’ ಮೊದಲಿನ ನಾಲ್ಕಕ್ಕೆ ಭಾಷ್ಯ, ವಾರ್ತಿಕ, ಟೀಕೆಗಳ ಸಾಲೇ ಇದೆ. ಐದನೆಯದಕ್ಕೆ ಇದುವರೆಗೆ ದೊರೆತ ವ್ಯಾಖ್ಯಾನವೆಂದರೆ ಹೋಟೆಲಿನ ಬಿಲ್ಲು ಮಾತ್ರ. ಈ ವಾಕ್ಯದ ಉಚ್ಚಾರಣೆಗೆ ದೇಶಕಾಲಗಳ ನಿಯಮವುಂಟು. ದೇಶ, ಬೆಂಗಳೂರಿನ ಯಾವುದಾದರೂ ಫ್ಯೂಷನ್ ರೆಸ್ಟೋರೆಂಟು. ಕಾಲ, ಮನೆಯಾಕೆಯ ಹುಟ್ಟುಹಬ್ಬದ ರಾತ್ರಿ, ಬಿಲ್ಲಿನ ಮಡಿಕೆ ಬಿಚ್ಚಿದ ಮೇಲೆ, ಸೋಂಪು ಬಾಯಿಗೆ ಬೀಳುವ ಮುನ್ನ. ‘ಇವತ್ತು ಒಲೆಗೆ ರಜೆ’ ಎಂಬ ಸಂಕಲ್ಪದೊಂದಿಗೆ ಆರಂಭವಾದ ವ್ರತ ಈ ವಾಕ್ಯದಿಂದಲೇ ಸಮಾಪ್ತಿಯಾಗುತ್ತದೆ. ಫ್ಯೂಷನ್ ಅಡುಗೆಯ ಬೀಜ ಹೋಟೆಲಿನಲ್ಲಿ ಬಿದ್ದರೂ ಅದು ಪಾಕವಾಗುವುದು ಈ ವಾಕ್ಯದಿಂದ ಎಂಬುದೇ ನಮ್ಮ ಪ್ರತಿಜ್ಞೆ.

ವಿಷಯವಸ್ತುವಾಗಿ ‘ಬಿಸಿಬೇಳೆಬಾತ್ ಅರಾನ್ಚಿನಿ’ಯನ್ನು ಎತ್ತಿಕೊಳ್ಳೋಣ. ಅರಾನ್ಚಿನಿ ಎಂದರೆ ಸಿಸಿಲಿಯವರ ಕರಿದ ಅನ್ನದುಂಡೆ. ಕಪ್ಪು ಹಾಸುಗಲ್ಲಿನ ಮೇಲೆ ಲಿಂಬೆಗಾತ್ರದ ಮೂರು ಉಂಡೆ, ಪಕ್ಕದಲ್ಲಿ ಕೊತ್ತಂಬರಿಸೊಪ್ಪಿನ ನೊರೆ, ಮೇಲೆ ಎಣಿಸಿ ಇಟ್ಟ ಏಳು ಖಾರಾಬೂಂದಿ. ತಟ್ಟೆಗೆ ಮೂರು, ಮೇಜಿಗೆ ನಾಲ್ವರು. ಮಹಾವಾಕ್ಯಕ್ಕೆ ಹಸಿವೇ ನಿಮಿತ್ತಕಾರಣ ಎಂಬುದು ಈ ಲೆಕ್ಕದಿಂದಲೇ ಸಿದ್ಧ. ಇನ್ನು ವ್ಯಾಕರಣ. ನಾನು ಮಾಡಬಹುದು, ನೀನು ಮಾಡಬಹುದು, ಅವಳು ಮಾಡಬಹುದು: ಕರ್ತೃ ಯಾರೇ ಆಗಲಿ ‘ಬಹುದು’ ಕದಲುವುದಿಲ್ಲ. ಲಿಂಗ, ವಚನ, ಪುರುಷಗಳ ಹಂಗಿಲ್ಲದ ಈ ಕ್ರಿಯಾಪದದ ಮುಂದೆ ಕರ್ತೃಪದವನ್ನೂ ಬಿಟ್ಟುಬಿಟ್ಟರೆ ಉಳಿಯುವುದು ಶುದ್ಧ ಸಾಧ್ಯತೆ. ಮಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಮುಂದಿನ ಭಾನುವಾರ ಬೆಳಿಗ್ಗೆ ತಾನಾಗಿ ಹೊಳೆಯುತ್ತದೆ.

ಆ ಭಾನುವಾರದಿಂದ ಮುಂದಿನ ವಿಕಾಸವನ್ನು ಅರಿಯಲು 13ನೆಯ ಶತಮಾನದ ಕೇಶಿರಾಜನೇ ಗತಿ. ಸಂಸ್ಕೃತದ ಪದ ಕನ್ನಡದ ಬಾಯಿಗೆ ಒಗ್ಗುವಾಗ ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ಅವನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ವಿವರಿಸಿದ್ದಾನೆ. ಆಕಾಶ ಆಗಸವಾಗುವ ಕ್ರಮದಲ್ಲೇ ಅರಾನ್ಚಿನಿಯೂ ಬದಲಾಗುತ್ತದೆ. ಮೊದಲ ವಾರ ತತ್ಸಮ: ಬ್ರೆಡ್ಡಿನ ಪುಡಿ, ಚೀಸಿನ ತುಂಡು, ಎಲ್ಲವೂ ಹೋಟೆಲಿನಂತೆಯೇ. ಆದರೆ ಬಾಣಲೆಗೆ ಬಿಟ್ಟ ಉಂಡೆ ಬಿರಿದು, ಚೀಸು ಎಣ್ಣೆಗಿಳಿದು, ಸ್ಟವ್ವಿನ ಸುತ್ತ ಚಟಪಟ ಸಿಡಿಯುತ್ತದೆ. ಎರಡನೆಯ ವಾರ ಬ್ರೆಡ್ಡಿನ ಜಾಗಕ್ಕೆ ಚಿರೋಟಿ ರವೆ ಬರುತ್ತದೆ, ಚೀಸು ಲೋಪವಾಗುತ್ತದೆ, ನೊರೆಯ ಸ್ಥಾನದಲ್ಲಿ ಕಾಯಿಚಟ್ನಿ ಆದೇಶವಾಗುತ್ತದೆ. ಮೂರನೆಯ ವಾರ, ಮಧ್ಯಾಹ್ನ ಮಿಕ್ಕ ಬಾತು ಸಂಜೆ ಕಡಲೆಹಿಟ್ಟಿನಲ್ಲಿ ಮುಳುಗಿ ‘ಅನ್ನದ ಬೋಂಡ’ ಎಂಬ ತದ್ಭವವಾಗಿ ಕಾಫಿಯ ಜೊತೆ ಅವತರಿಸುತ್ತದೆ. ಸಿಸಿಲಿಯ ಸುಳಿವು ಎಲ್ಲೂ ಉಳಿದಿರುವುದಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಒಂದೇ ಸಲ ತೆರೆದ ಆರಿಗಾನೊ ಶೀಶೆ ಮಾತ್ರ ಶಿಲಾಶಾಸನದಂತೆ ನಿಂತಿರುತ್ತದೆ.

ಇದು ಇಂದಿನ ಚಪಲ, ನಮ್ಮ ಹಿರಿಯರ ಅಡುಗೆ ಅಮಿಶ್ರವಾಗಿತ್ತು ಎಂಬುದು ಮೊದಲ ಪೂರ್ವಪಕ್ಷ. ಇದಕ್ಕೆ ಉತ್ತರ ಮಸಾಲೆದೋಸೆಯ ಹೊಟ್ಟೆಯಲ್ಲೇ ಇದೆ. ಅಲ್ಲಿರುವ ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಕೆಂಪು ಚಟ್ನಿಯ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅದಕ್ಕೆ ಹಿಂದಿನ ಕನ್ನಡ ಪಾಕಗ್ರಂಥಗಳಲ್ಲಿ ಖಾರವೆಂದರೆ ಮೆಣಸಿನ ಕಾಳು, ಶುಂಠಿ, ಹಿಪ್ಪಲಿ. ಹೊಸ ಕಾಯಿ ಬಂದಾಗ ಅದನ್ನು ‘ಮೆಣಸಿನ ಕಾಯಿ’ ಎಂದು ಕರೆದು, ಕೊನೆಗೆ ಮನೆಯೊಡೆಯನಾಗಿದ್ದ ಮೆಣಸೇ ‘ಕಾಳುಮೆಣಸು’ ಎಂದು ವಿಶೇಷಣ ಹೊತ್ತು ಮೂಲೆ ಸೇರಬೇಕಾಯಿತು. ಇಡ್ಲಿಯಾದರೂ ಶುದ್ಧವೇ ಎಂದರೆ, 1025ರ ಚಾವುಂಡರಾಯನ ಲೋಕೋಪಕಾರ ಹೇಳುವ ಇಡ್ಲಿ ಬರೀ ಉದ್ದಿನದು. ಅದಕ್ಕೆ ಅಕ್ಕಿ ಬೆರೆತ ದಿನ ಯಾವುದೋ ಅತ್ತೆ ಮೂಗು ಮುರಿದಿರಲೇಬೇಕು ಎಂಬುದು ಅನುಮಾನಪ್ರಮಾಣ.

ಹೊಸ ತಿಂಡಿಗಳು ಹುಟ್ಟಿದ್ದು ಹೋಟೆಲಿನಲ್ಲೇ ಅಲ್ಲವೇ ಎಂಬುದು ಎರಡನೆಯ ಪೂರ್ವಪಕ್ಷ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಮಾಡಿದವರು ತಾವೆಂದು ಎಂಟಿಆರ್‌ನವರು ಹೇಳುತ್ತಾರೆ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದ ಕೀರ್ತಿ ನೆಲ್ಸನ್ ವಾಂಗ್ ಅವರದು. ಒಪ್ಪಿದೆವು. ಆದರೆ ಇದ್ದುದರಲ್ಲೇ ಸಾಗಿಸುವ ರವೆ ಇಡ್ಲಿಯ ಯುಕ್ತಿ ಹೋಟೆಲಿನದೋ ಮನೆಯದೋ? ಮಂಚೂರಿಯನ್ನಾದರೋ ಕೋಳಿಯನ್ನು ಬಿಟ್ಟು ಹೂಕೋಸನ್ನು ಹಿಡಿದು, ನಮ್ಮ ಬೀದಿಯಲ್ಲಿ ‘ಒಂದ್ ಪ್ಲೇಟ್ ಗೋಬಿ’ ಎಂಬಷ್ಟಕ್ಕೆ ಸವೆದು ತದ್ಭವವಾಗಿದೆ. ಅದಕ್ಕೆ ಕೃತಕ ಬಣ್ಣ ಹಾಕಬಾರದೆಂದು 2024ರಲ್ಲಿ ಕರ್ನಾಟಕ ಸರ್ಕಾರವೇ ಆಜ್ಞೆ ಹೊರಡಿಸಿತು. ಒಂದು ತಿನಿಸು ನಾಡಿನದಾಯಿತು ಎನ್ನಲು ಇದಕ್ಕಿಂತ ಪ್ರಬಲ ರಾಜಶಾಸನ ಬೇಕೆ? ‘ಮನೇಲಿ ಮಾಡಿದ್ದು ಹೋಟೆಲಿನ ಥರ ಬರಲ್ಲ’ ಎಂಬ ಮೂರನೆಯ ಆಕ್ಷೇಪಕ್ಕೆ ಉತ್ತರವೇ ಬೇಕಿಲ್ಲ. ಬಂದಿದ್ದರೆ ಅದು ನಕಲು. ಬಾರದೆ ಬೇರೆಯಾದದ್ದರಿಂದಲೇ ಅದು ಅಡುಗೆ.

ಆದ್ದರಿಂದ ಮಹಾವಾಕ್ಯ ಸತ್ಯವೆಂಬುದು ಸಿದ್ಧಾಂತ. ಅದರಲ್ಲಿ ಉಳಿದಿರುವುದು ಒಂದೇ ವ್ಯಾಕರಣದೋಷ. ಎಣ್ಣೆ ಮೆತ್ತಿದ ಬಾಣಲೆ, ಹಿಟ್ಟು ಒಣಗಿದ ಬೋಗುಣಿ, ಚೀಸು ಅಂಟಿದ ಜಾಲರಿ ಸಿಂಕಿಗೆ ಬಿದ್ದಾಗ ‘ತೊಳೆಯಬಹುದು’ ಎಂದು ಯಾರೂ ಉದ್ಗರಿಸುವುದಿಲ್ಲ. ಅಲ್ಲಿ ಕಳೆದುಹೋಗಿದ್ದ ಲಿಂಗ, ವಚನ, ಪುರುಷಗಳೆಲ್ಲ ಒಟ್ಟಿಗೇ ಮರಳುತ್ತವೆ: ‘ಅವಳು ತೊಳೀತಾಳೆ ಬಿಡು.’ ಒಲೆಗೆ ರಜೆ ಎಂದು ಹೊರಟ ಹುಟ್ಟುಹಬ್ಬ ಹುಟ್ಟಿದವಳಿಗೇ ಮೂರು ಭಾನುವಾರದ ಕೆಲಸ ಹಚ್ಚಿರುತ್ತದೆ. ದೋಷಪರಿಹಾರ ಕಷ್ಟವಲ್ಲ. ಮಹಾವಾಕ್ಯ ಉಚ್ಚರಿಸಿದವನು ‘ಮಾಡಬಹುದು’ ಎಂಬಲ್ಲಿ ‘ಮಾಡ್ತೀನಿ’ ಎಂದರೆ ಸಾಕು. ವೈಯಾಕರಣರು ಆ ರೂಪಕ್ಕೆ ಇಟ್ಟ ಹೆಸರೇ ಉತ್ತಮ ಪುರುಷ.