ಕಟ್ಟೋ ಮುಂಚೆ ಕೇಳಿ ಅಕ್ಕಾ

ತಡೀರಿ ಅಕ್ಕಾ, ಇನ್ನೂ ದುಡ್ಡು ಕಟ್ಟಬೇಡಿ. ಮೊಬೈಲ್ ಗೋಡೆ ಮೇಲಿಂದ ಈ ಕಡೆ ಕೊಡಿ, ನೋಡ್ತೀನಿ. ಹೆಲ್ಮೆಟ್ ಇಲ್ಲ ಅಂತ 500 ರೂಪಾಯಿ. ಸರಿ, ಫೋಟೋ ದೊಡ್ಡದು ಮಾಡಿ ನೋಡಿದ್ರಾ? ಇದು ಕಪ್ಪು ಬೈಕು, ನಿಮ್ಮದು ಸ್ಕೂಟರು! 3 ಅನ್ನೋದನ್ನ 8 ಅಂತ ಓದಿಕೊಂಡು ನೋಟಿಸು ನಿಮ್ಮ ಹೆಸರಿಗೆ ಬಂದಿದೆ.

"ಹೋಗ್ಲಿ, ಐನೂರು ತಾನೇ" ಅನ್ನಬೇಡಿ. ಕಟ್ಟಿದ್ರೆ ತಪ್ಪು ನಮ್ಮದೇ ಅಂತ ಒಪ್ಪಿ ಕೇಸು ಮುಗಿಸಿಕೊಂಡ ಹಾಗೆ. ಹೆಲ್ಮೆಟ್ ಹಾಕದ್ದಕ್ಕೆ ಮೋಟಾರು ವಾಹನ ಕಾಯ್ದೆಯ 194ಡಿ ಕಲಂನಲ್ಲಿ ದಂಡ ಒಂದೇ ಇಲ್ಲ, ಮೂರು ತಿಂಗಳು ಲೈಸೆನ್ಸ್ ಇಲ್ಲದ ಹಾಗೆ ಮಾಡೋಕೂ ಅವಕಾಶ ಇದೆ. ಯಾರೋ ಮಾಡಿದ್ದನ್ನ ನೀವ್ಯಾಕೆ ಹೊತ್ಕೋಬೇಕು? ಕ್ಯಾಮೆರಾ ಕೇಸಿಗೆ ಅಂತಲೇ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ತಪ್ಪೂ ಕಾಣಬೇಕು, ನಂಬರ್ ಪ್ಲೇಟೂ ಕಾಣಬೇಕು, ಅಂಥ ಸ್ಪಷ್ಟ ಫೋಟೋ ಇರಬೇಕು. ದಿನ, ಹೊತ್ತು, ಜಾಗ ನಮೂದಾಗಿರಬೇಕು. ಅದನ್ನ ನೋಡೋದು, ಪ್ರಶ್ನೆ ಮಾಡೋದು ನಮ್ಮ ಹಕ್ಕು.

ಅಂದ ಹಾಗೆ, ಇದು ವಾಟ್ಸಾಪಿಗೆ ಬಂದಿದ್ದಲ್ಲ ತಾನೇ? ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್ ಕಳಿಸಿ ಬ್ಯಾಂಕ್ ಖಾತೆ ದೋಚೋರು ಇದ್ದಾರೆ. ಅಂಥ ಫೈಲ್ ಮುಟ್ಟಲೇಬೇಡಿ. ಪೊಲೀಸರ ಸರ್ಕಾರಿ ವೆಬ್‌ಸೈಟಿಗೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ಮೋಸ ಹೋದ್ರೆ ತಕ್ಷಣ 1930.

ಪ್ರಶ್ನೆ ಮಾಡೋಕೆ ಹೋದ್ರೆ ವಕೀಲರ ಫೀಸೇ ದಂಡಕ್ಕಿಂತ ಜಾಸ್ತಿ ಆಗುತ್ತೆ ಅಂತೀರಾ? ಅಲ್ಲೇ ನೋಡಿ ನಮ್ಮ ಜನ ಸೋಲೋದು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕಟ್ಟೋಕೆ ನೂಕುನುಗ್ಗಲಾಗಿತ್ತಲ್ಲ, ಬೆಂಗಳೂರೊಂದರಲ್ಲೇ 100 ಕೋಟಿ ದಾಟಿತ್ತು. ಆ ರಿಯಾಯಿತಿಯ ಪ್ರಸ್ತಾವ ಬಂದಿದ್ದು ರಾಜ್ಯ ಕಾನೂನು ಸೇವಾ ಪ್ರಾಧಿಕಾರದಿಂದ. ಅದೇ ಪ್ರಾಧಿಕಾರ ಪುಕ್ಕಟೆ ವಕೀಲರನ್ನೂ ಕೊಡುತ್ತೆ. ಅರ್ಧ ದಂಡದ ಸುದ್ದಿ ಮನೆಮನೆಗೂ ಮುಟ್ಟಿತು, ಈ ಸುದ್ದಿ ಮುಟ್ಟಲೇ ಇಲ್ಲ. ನನಗೆ ಹೊಟ್ಟೆ ಉರಿಯೋದು ಅದಕ್ಕೇ. ಆಟೋ ಓಡಿಸೋರು, ಮನೆಮನೆಗೆ ಊಟ ತಲುಪಿಸೋ ಹುಡುಗರು ಕೋರ್ಟು ಅಂದ್ರೆ ಹೆದರಿ, ಮಾಡದ ತಪ್ಪಿಗೂ ದಿನದ ಸಂಪಾದನೆ ಸುರಿದು ಬರ್ತಾರೆ.

1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯದ ಲೆಕ್ಕವೇ ಇಲ್ಲ, ಅಕ್ಕಾ. ಪರಿಶಿಷ್ಟ ಜಾತಿ, ಪಂಗಡದವರಿಗೂ, ಮಕ್ಕಳಿಗೂ, ಅಂಗವಿಕಲರಿಗೂ ಹಾಗೇ. ಇಂಥ ಇನ್ನೂ ಕೆಲವರನ್ನ ಬಿಟ್ಟರೆ ಉಳಿದವರಿಗೆ ಆದಾಯದ ಮಿತಿ ಇದೆ. ತಾಲ್ಲೂಕಿನಲ್ಲೂ ಇದರ ಸಮಿತಿ ಇರುತ್ತೆ, ಜಿಲ್ಲೆಯಲ್ಲಿ ಪ್ರಾಧಿಕಾರ ಇರುತ್ತೆ. ಮೊದಲು ವಿಚಾರಿಸೋಕೆ 15100ಕ್ಕೆ ಫೋನ್ ಮಾಡಿದ್ರೂ ಸಾಕು.

ಎಲ್ಲ ನೋಟಿಸಿಗೂ ಜಗಳ ಮಾಡಿ ಅಂತ ನಾನು ಹೇಳೋದಿಲ್ಲ. ಸಿಗ್ನಲ್ ಹಾರಿದ್ದು ನಿಜವಾದ್ರೆ ಕಟ್ಟಬೇಕು, ಹೆಲ್ಮೆಟ್ ಇರೋದು ನಮ್ಮ ತಲೆಗೇ. ಆದರೆ ಕುಡಿದು ಗಾಡಿ ಓಡಿಸಿದ ಕೇಸು ರಸ್ತೇಲಿ ದಂಡ ಕಟ್ಟಿ ಮುಗಿಯೋದಲ್ಲ, ಕೋರ್ಟಿಗೇ ಹೋಗುತ್ತೆ. ಮೊದಲ ಸಲವೇ ಆರು ತಿಂಗಳವರೆಗೆ ಜೈಲು, 10,000 ದಂಡ, ಅಥವಾ ಎರಡೂ. ಹದಿನೆಂಟು ತುಂಬದ ಮಗನ ಕೈಗೆ ಬೀಗದ ಕೈ ಕೊಟ್ಟು ಅವನು ಸಿಕ್ಕಿಬಿದ್ದರೆ ಅಪ್ಪ ಅಮ್ಮನ ಮೇಲೇ ಕೇಸು: ಮೂರು ವರ್ಷದವರೆಗೆ ಜೈಲು, ಜೊತೆಗೆ 25,000 ದಂಡ. ಅಂಥ ಕಡೆ ವಕೀಲರನ್ನ ಕೇಳದೆ ಒಂದು ಸಹಿಯನ್ನೂ ಹಾಕಬಾರದು.

ನಿಮ್ಮದು ಅಷ್ಟು ದೊಡ್ಡದಲ್ಲ. ನೋಟಿಸಿನ ಪ್ರಿಂಟು, ಆರ್‌ಸಿ, ನಂಬರ್ ಕಾಣೋ ಹಾಗೆ ನಿಮ್ಮ ಸ್ಕೂಟರಿನ ಫೋಟೋ ಎತ್ತಿಡಿ. ಆವತ್ತು ಗಾಡಿ ಎಲ್ಲಿತ್ತು ಅನ್ನೋಕೆ ರಸೀದಿ ಏನಾದ್ರೂ ಇದ್ರೆ ಅದನ್ನೂ. ಮೊದಲು ಸಂಚಾರ ಠಾಣೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಇಸ್ಕೊಳ್ಳೋಣ. ಅವರು ಕೇಳದಿದ್ರೆ ಕಾನೂನು ಸೇವೆಯವರ ಹತ್ರ ಹೋಗೋಣ, ನಾನೂ ಬರ್ತೀನಿ.