ತಿಜೋರಿಯೊಳಗಿನ ಯಾಶಿಕಾಬಾಯಿ

ಪೂರ್ಣ ಹೆಸರು ಯಾಶಿಕಾ ಎಂಎಫ್-2. ವಾಸ: ಧಾರವಾಡದ ಮಾಳಮಡ್ಡಿ, ಹಳೆಯ ಮನೆಯೊಂದರ ತಿಜೋರಿ, ಇಳಕಲ್ ಸೀರೆಗಳಿಗೂ ಎಲ್‌ಐಸಿ ಪಾಲಿಸಿಗಳಿಗೂ ನಡುವಿನ ಜಾಗ. ಮೂವತ್ತು ವರ್ಷಗಳ ಹಿಂದೆ ಈ ಮನೆಯ ಮುಂಜಿವೆ, ಸೀಮಂತ, ಯಲ್ಲಮ್ಮನ ಗುಡ್ಡದ ಯಾತ್ರೆ ಯಾವುದೂ ಇವರಿಲ್ಲದೆ ನಡೆದಿಲ್ಲ. ಈಗ ಮನೆಯ ಮೊಮ್ಮಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನಿಗೆ ಫಿಲ್ಮ್ ಕ್ಯಾಮೆರಾದ ಹುಚ್ಚು ಹತ್ತಿದೆ. ‘ಮನ್ಯಾಗ ಒಂದ ಅದಲ್ಲೋ’ ಎಂದು ಅಜ್ಜಿ ನೆನಪಿಸಿದರೆ, ‘ಅಂಥಾದ್ದಲ್ಲ ಅಜ್ಜಿ’ ಎಂದನಂತೆ. ಆ ಮಾತು ತಿಜೋರಿಯ ಒಳಗೂ ಕೇಳಿಸಿದೆ. ಎರಡು ಹೊಸ ಪೆನ್ಸಿಲ್ ಸೆಲ್ ತಂದುಕೊಡುವ ಷರತ್ತಿನ ಮೇಲೆ ಬಾಯಿಯವರು ಮಾತಿಗೆ ಒಪ್ಪಿದರು.

ನಾನು: ಆರೋಗ್ಯ ಹೇಗಿದೆ?

ಬಾಯಿ: ಹಳೇ ಸೆಲ್ ಒಳಗ ಬಿಟ್ಟು ಮರ್ತಿದ್ರು, ಸೋರಿ ಕಿಲುಬು ಹತ್ತೇದ. ಹತ್ತಿಗೆ ಒಂಚೂರು ನಿಂಬಿಹಣ್ಣಿನ ರಸಾ ಹಚ್ಚಿ ಒರಸಿದ್ರ ಹೋಗ್ತದ. ಉಳದದ್ದೆಲ್ಲಾ ಛಲೋ ಅದ. ಮಂಗಳೂರು, ಕಾರವಾರಕ್ಕ ಹೋದ ನನ್ನ ವಾರಿಗಿಯವರ ಲೆನ್ಸಿನಾಗ ಬೂಷ್ಟು ಬೆಳದದ ಅಂತ ಕೇಳೀನಿ. ಇಲ್ಲಿ ಹವಾ ಒಣಾ ನೋಡ್ರಿ, ಅದಕ್ಕ ಬಚಾವಾಗೀನಿ.

ನಾನು: ಹುಡುಗನಿಗೆ ಕಾಂಟ್ಯಾಕ್ಸ್ ಟಿ2 ಬೇಕಂತೆ.

ಬಾಯಿ: ಗೊತ್ತದ. ಆಕಿ ಬ್ಯಾರೆ ಯಾರೂ ಅಲ್ಲ, ನಮ್ಮ ಮನಿತನದಾಕಿನ. 1983ರಾಗ ಕ್ಯೋಸೆರಾ ಕಂಪನಿ ನಮ್ಮ ಯಾಶಿಕಾನ ಪೂರ್ತಿ ತನ್ನೊಳಗ ಸೇರಿಸ್ಕೊಂಡ್ತು. ಅದ ಮನ್ಯಾಗ 1990ರಾಗ ಆಕಿ ಹುಟ್ಟಿದ್ಲು. ನಂಗ ಪ್ಲಾಸ್ಟಿಕ್ ಮೈ, ಆಕಿಗೆ ಟೈಟೇನಿಯಂ. ಕಣ್ಣಿಗೆ ಕಾರ್ಲ್ ಝೈಸ್ ಅಂತ ದೊಡ್ಡ ಹೆಸರು. ಆದ್ರ ಆಕಿ ಲೆನ್ಸೂ 38 ಮಿಲಿಮೀಟರ್, ನಂದೂ 38. ಒಂದ ಜಾಗಾದಾಗ ನಿಂತ್ರ ಇಬ್ಬರಿಗೂ ಉಣಕಲ್ ಕೆರಿ ಅಷ್ಟ ಕಾಣಸ್ತದ.

ನಾನು: ಗುಣಮಟ್ಟದಲ್ಲಿ ವ್ಯತ್ಯಾಸ ಇಲ್ಲವೇ?

ಬಾಯಿ: ಅದ. ಭಾಳ ಅದ. ಸುಳ್ಳ ಯಾಕ ಹೇಳ್ಲಿ? ಮುಂದ ನಿಂತವರು ಎಷ್ಟು ದೂರ ಇದ್ದಾರ ಅಂತ ಆಕಿ ತಾನ ಅಳೀತಾಳ. ನನ್ನ ಫೋಕಸ್ ಹುಟ್ಟಿದಾಗ ಹೆಂಗ ಕೂಡಿಸಿದ್ರೋ ಹಂಗ ಅದ. ಐದಾರು ಅಡಿ ದೂರ ನಿಂತವರು ನೆಟ್ಟಗ ಬರ್ತಾರ, ಪ್ರೀತಿ ಹೆಚ್ಚಾಗಿ ಮ್ಯಾಲ ಬಂದವರು ಮಬ್ಬಾಗ್ತಾರ. ಆದ್ರ ಹುಡುಗ ಇದನ್ನೆಲ್ಲಾ ನೋಡಿ ಆಸೆ ಪಟ್ಟಿಲ್ಲ. 2017ರಾಗ ಅಮೆರಿಕದ ಟೀವಿ ಶೋದಾಗ ಕೆಂಡಲ್ ಜೆನ್ನರ್ ಅನ್ನೋ ಮಾಡೆಲ್ ಆಕಿನ್ನ ಕೈಯಾಗ ಹಿಡದು ತೋರಿಸಿದ್ಲು. ಅಲ್ಲಿಂದ ಆಕಿ ರೇಟು ಸ್ಕೂಟರಿನ ರೇಟಿಗೆ ಮುಟ್ಟೇದ. ಕ್ಯೋಸೆರಾದವರು 2005ರಾಗ ಕ್ಯಾಮೆರಾ ಮಾಡೋದ ಬಿಟ್ರು. ಒಳಗಿನ ಸರ್ಕ್ಯೂಟ್ ಸುಟ್ರ ಆ ಹುಡುಗ ಯಾರ ಬಾಗಿಲು ಬಡೀಬೇಕು? ಸ್ಕೂಟರ್ ಆಗಿದ್ರ ಗೋಕುಲ ರೋಡಿನಾಗ ರಿಪೇರಿ ಮಾಡಿಸ್ಬಹುದಿತ್ತು.

ನಾನು: ಒಲಿಂಪಸ್ ಮ್ಯೂ-2 ಬಗ್ಗೆ ಏನು ಹೇಳುತ್ತೀರಿ?

ಬಾಯಿ: 1997ರ ಕೂಸು. ಅಂಗಿ ಬಕ್ಕಣದಾಗ ಹೊಂದತದ, ಲೆನ್ಸು ಭಾಳ ಚುರುಕು. ಆದ್ರ ಹಟಮಾರಿ. ಫ್ಲ್ಯಾಶ್ ಬ್ಯಾಡ ಅಂತ ಎಷ್ಟ ಸಲ ಹೇಳ್ರಿ, ಬಾಗಿಲು ಮುಚ್ಚಿ ತಗದ್ರ ಮರ್ತು ಮತ್ತ ತನ್ನ ಹಾದಿ ಹಿಡೀತದ. ಅದರ ಲಿಥಿಯಂ ಸೆಲ್ಲು ಓಣಿ ಕಿರಾಣಿ ಅಂಗಡ್ಯಾಗ ಸಿಗೂದಿಲ್ಲ. ಟ್ರಿಪ್ 35 ಅಂತ ಅದರ ಹಿರಿಯಾ ಒಬ್ಬವ ಇದ್ದಾನ, 1967ರಾಂವ. ಅವನಿಗೆ ಸೆಲ್ಲ ಬ್ಯಾಡ, ಬೆಳಕ ಉಂಡು ಬದುಕ್ತಾನ. ಕತ್ತಲಾತಂದ್ರ ಒಳಗ ಕೆಂಪು ಪಟ್ಟಿ ಎತ್ತಿ ‘ಒಲ್ಲೆ’ ಅಂತಾನ, ಗುಂಡಿ ಒತ್ತಿದ್ರೂ ಅಲ್ಲಾಡೂದಿಲ್ಲ. ರೊಕ್ಕ ಉಳಸಾಂವ. ನನ್ನ ಕೇಳಿದ್ರ ಅವನ್ನ ಹುಡುಕ್ಕೋ ಅಂತೀನಿ.

(ಸ್ವಂತ ಬಂಧುವನ್ನು ಬಿಟ್ಟು ಪರರ ಮನೆಯವನನ್ನು ಹೊಗಳಿದ್ದು ನನಗೆ ಆಶ್ಚರ್ಯವೇ. ಮಾಳಮಡ್ಡಿಯಲ್ಲಿ ಇದು ಅಪರೂಪ.)

ನಾನು: ಹೊಸದನ್ನೇ ಕೊಂಡರೆ?

ಬಾಯಿ: ಪೆಂಟ್ಯಾಕ್ಸ್ 17 ಅಂತ 2024ರಾಗ ಬಂತು. ಒಂದು ಚೌಕಟ್ಟಿನಾಗ ಎರಡು ಫೋಟೋ ಕೂಡಸ್ತದ, 36ರ ರೋಲಿನಾಗ 72. ಹುಬ್ಬಳ್ಳಿ ವ್ಯಾಪಾರಸ್ಥರಿಗೆ ಹೇಳಿ ಮಾಡಿಸಿದ್ದು. ಧಾರವಾಡದವರಿಗೆ ಉಪಯೋಗಿಲ್ಲ, ಅವರು ಒಂದು ಫೋಟೋಕ್ಕ ಒಂದು ಮಳೆಗಾಲ ವಿಚಾರ ಮಾಡ್ತಾರ. 72 ಮುಗಿಯೋದ್ರಾಗ ರಿಟೈರ್ ಆಗಿರ್ತಾರ.

ನಾನು: ಹಾಗಾದರೆ ಕೊಳ್ಳುವವನು ಮೊದಲು ಏನನ್ನು ನೋಡಬೇಕು?

ಬಾಯಿ: ಕ್ಯಾಮೆರಾ ಬಿಟ್ಟು ಎಲ್ಲಾ ನೋಡ್ಬೇಕು. ರೋಲ್ ಎಲ್ಲಿ ಸಿಗ್ತದ, ಎಷ್ಟಕ್ಕ ಸಿಗ್ತದ. ತೊಳಿಯೋರು ಯಾರು. ಆಗ ಮುಂಜಾನೆ ಕೊಟ್ರ ಸಂಜಿಗೆ ನಾಕು ಇಂಚು ಬೈ ಆರು ಇಂಚಿನ ಫೋಟೋ ಲಕೋಟ್ಯಾಗ ಹಾಕಿ ಕೈಯಾಗ ಇಡ್ತಿದ್ರು. ಈಗ ಬೆಂಗಳೂರಿಗೋ ಮುಂಬಯಿಗೋ ಕೊರಿಯರ್ ಮಾಡಿ ಕಾಯಬೇಕಾಗ್ತದ. ರೋಲಿನ ರೊಕ್ಕ, ತೊಳಿಸೋ ರೊಕ್ಕ, ಸ್ಕ್ಯಾನಿನ ರೊಕ್ಕ, ಕೊರಿಯರ್ ರೊಕ್ಕ ಎಲ್ಲಾ ಕೂಡಿಸಿ 36ರಿಂದ ಭಾಗಿಸು ಅಂತ ಹೇಳ್ರಿ ಅವಗ. ಇಂಜಿನಿಯರಿಂಗ್ ಓದ್ತಾನಲ್ಲ, ಬರ್ಬೇಕು.

ನಾನು: ಮನೆಯಲ್ಲೇ ತೊಳೆಯುತ್ತಾನಂತೆ.

ಬಾಯಿ: ತೊಳೀಲಿ. ಕಲರ್ ರೋಲಿಗೆ ಡೆವಲಪರ್ 37.8 ಡಿಗ್ರಿ ಇರಬೇಕು, ಮೂರು ನಿಮಿಷ ಹದಿನೈದು ಸೆಕೆಂಡ್. ಮೇ ತಿಂಗಳ ಮಧ್ಯಾಹ್ನ ಹುಬ್ಬಳ್ಳ್ಯಾಗ ಬಕೆಟ್ ಬಿಸಲಾಗ ಇಟ್ರ ಗೀಝರ್ ಬ್ಯಾಡ. ಆದ್ರ ಕಡೀಕ ರೋಲ್ ತೊಳೀಲಿಕ್ಕೆ ನೀರು ಬೇಕಲ್ರಿ? ಅವನ ರೂಮಿನ ನಳಕ್ಕ ನೀರು ಯಾವಾಗ ಬರ್ತದ ಅಂತ ಕಾರ್ಪೋರೇಶನ್ನಿನವರಿಗೂ ಖಾತ್ರಿ ಇರೂದಿಲ್ಲ. ನೀರು ಬಂದ ದಿವಸ ಅವರವ್ವ ಫೋನಿನಾಗ ‘ಮದಲ ಡ್ರಮ್ ತುಂಬಿಸ್ಕೋ’ ಅಂತಾಳೋ, ‘ನೆಗೆಟಿವ್ ತೊಳಕೋ’ ಅಂತಾಳೋ?

ನಾನು: ಈಗಿನ ಹುಡುಗರಿಗೆ ಫಿಲ್ಮಿನ ದೋಷಗಳೇ ಇಷ್ಟವಂತೆ. ಬೆಳಕು ಸೋರಿದ ಕೆಂಪು ಕಲೆ, ಮಬ್ಬು, ಕಾಳುಕಾಳು...

ಬಾಯಿ: (ಫ್ಲ್ಯಾಶ್ ಒಮ್ಮೆ ಹೊಡೆಯಿತು. ಸಿಟ್ಟೋ ಹೊಸ ಸೆಲ್ಲಿನ ಉತ್ಸಾಹವೋ ತಿಳಿಯಲಿಲ್ಲ.) ಇದನ್ನ ಕೇಳಿದ್ರ ಹೊಟ್ಟ್ಯಾಗ ಬೆಂಕಿ ಬೀಳ್ತದ. ಈ ಮನಿ ಹಿರೇ ಮಗಳ ನಿಶ್ಚಯದಾಗ ಬೀಗರ ತಲಿ ಕಟ್ ಆತು. ನೋಡೋ ಕಿಂಡಿ ಮ್ಯಾಲ, ಲೆನ್ಸ್ ಕೆಳಗ. ಹತ್ರ ನಿಂತು ಹೊಡದ್ರ ಹಂಗ ಆಗೂದ. ನನಗ ಎಷ್ಟು ಬೈದ್ರು! ಇನ್ನೊಮ್ಮೆ ಮಾಮಾ ರೋಲ್ ಮುಗದದೋ ಇಲ್ಲೋ ಅಂತ ಹಿಂದಿನ ಬಾಗಿಲ ತಗದು ನೋಡಿದ್ರು, ಬೆಳಕು ಹೊಕ್ಕು ಅರ್ಧ ಮುಂಜಿವಿ ಸುಟ್ಟು ಹೋತು. ಆವತ್ತು ಊಟ ಬಿಟ್ಟು ಅತ್ತರು. ಅದ ಕಲಿ ಈಗ ಮೊಬೈಲಿನಾಗ ಆ್ಯಪ್ ಹಾಕಿ ಬೇಕಂತ ಹಚ್ಕೋತಾರಂತ. ಹಂಗಿದ್ರ ಮಾಮಾನ್ನ ದೊಡ್ಡ ಕಲಾವಿದ ಅಂತ ಕರೀಬೇಕಿತ್ತು, ಪಾಪ.

ನಾನು: ಒಂದು ರೋಲ್ ಎಷ್ಟು ದಿನ ಬರುತ್ತಿತ್ತು?

ಬಾಯಿ: ಗಣಪತಿ ಹಬ್ಬಕ್ಕ ಹಾಕಿದ್ರ ಯುಗಾದಿತನಕ. ನಡು ಯಾರರ ಮದುವಿ ಬಂದ್ರ ಪುಣ್ಯಾ. ರೋಲ್ ಹಾಕುವಾಗ ತುದಿ ಉಳಿಸಿ ಸುತ್ತಿ 36ರಾಗ 37, 38 ತಗದವರು ಓಣ್ಯಾಗ ದೊಡ್ಡ ಮನಶ್ಯಾ. ನಾಕು ಉಳದ್ರ ಇನ್ನ ಕಾಯಬೇಕು. ಹಿಂಗಾಗಿ ಒಂದ ಅಲ್ಬಮ್ಮಿನಾಗ ಒಂದ ಹುಡುಗ ಮದಲ ತೊಟ್ಲಾಗ, ಮುಂದಿನ ಹಾಳ್ಯಾಗ ಅಡ್ಡಾಡ್ತಾನ.

ನಾನು: ಹುಡುಗ ಮೊದಲ ಫೋಟೋ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನದು ತೆಗೆಯಬೇಕು ಅಂತಿದ್ದಾನೆ. ಜಗತ್ತಿನಲ್ಲೇ ಉದ್ದವಾದದ್ದು.

ಬಾಯಿ: 1507 ಮೀಟರ್ ಅದ ಅದು. ಈ ತುದೀಗೆ ನಿಂತ್ರ ಆ ತುದಿ ನಂಗೂ ಕಾಣೂದಿಲ್ಲ, ಟೈಟೇನಿಯಂನಾಕಿಗೂ ಕಾಣೂದಿಲ್ಲ. ಫೋಟೋದಾಗ ಅದೂ ಬ್ಯಾರೆ ಪ್ಲಾಟ್‌ಫಾರ್ಮಿನಂಗ ಬರ್ತದ. ಅದರ ಬದಲಿ ಅಜ್ಜಿದ ಒಂದು ತಗೀ ಅಂತ ಹೇಳ್ರಿ. ಐದಾರು ಅಡಿ ದೂರ ನಿಂದರಸು, ಬಿಸಲು ನಿನ್ನ ಬೆನ್ನಿಗಿರ್ಲಿ. ಇಷ್ಟಕ್ಕ ಸ್ಕೂಟರಿನ ರೊಕ್ಕ ಬ್ಯಾಡ.

ಸಂದರ್ಶನದ ಜೊತೆ ಹಾಕಲು ಚಿತ್ರ ಬೇಕಲ್ಲ ಎಂದು ಮೊಬೈಲಿನಲ್ಲಿ ಅವರದೊಂದು ಫೋಟೋ ತೆಗೆದು ತೋರಿಸಿದೆ.

ಬಾಯಿ: ಅಯ್ಯ, ಗೀರು ಬಿದ್ದದ್ದು ಕಾಣಸ್ತದಲ್ರಿ! ಇನ್ನೊಂದು ತಗೀರಿ.

ತೆಗೆದೆ.

ಬಾಯಿ: ಹೆಸರು ಅರ್ಧ ಬಂತು. ಈ ಕಡಿಯಿಂದ ಒಂದು ತಗೀರಿ. ರೋಲ್ ಏನರ ಖರ್ಚಾಗ್ತದೇನು?

ನಾನು: ಇಲ್ಲ, ಎಷ್ಟು ಬೇಕಾದರೂ ತೆಗೆಯಬಹುದು.

ಬಾಯಿ: ಹಂಗಂದ್ರ ಒಂದು ನೂರು ಹೊಡದ ಬಿಡ್ರಿ. ಆಮ್ಯಾಲ ಕೂತು ಆರಿಸೋಣಂತ.