ಗೋಡೆ ಕಡೆ ತಿರುಗಿದ ಅಂತೋಣಿ

ಆಸ್ಪತ್ರೆಗೆ ಹೋಗಿ ರೋಗಿಯನ್ನು ನೋಡಿಕೊಂಡು ಬರುವುದು ಮಂಡ್ಯ ಸೀಮೆಯಲ್ಲಿ ತಪ್ಪಿಸಬಾರದ ಮರ್ಯಾದೆ. ಕೈಯಲ್ಲಿ ಎಳನೀರು, ಚೀಲದಲ್ಲಿ ಬ್ರೆಡ್ಡು, ಬಾಯಲ್ಲೊಂದು ಕಾರಣ. ಎಳನೀರು, ಬ್ರೆಡ್ಡು ಖಾಲಿಯಾಗುತ್ತವೆ. ಕಾರಣ ಮಾತ್ರ ಮುಗಿಯುವುದಿಲ್ಲ. ಮದ್ದೂರಿನ ನಮ್ಮ ಸೋದರತ್ತೆಯ ಮಗ ಕಿಡ್ನಿ ಕೆಟ್ಟು ವಾರ್ಡಿನಲ್ಲಿ ಮಲಗಿದ್ದಾಗ ಮಳವಳ್ಳಿಯಿಂದ ಬಂದ ನೆಂಟರೊಬ್ಬರು, “ದೇವರು ಬೇಕಾದವರನ್ನೇ ಪರೀಕ್ಷೆ ಮಾಡೋದು ಕನವ್ವ” ಎಂದರು. ಅತ್ತೆ ಮಗನ ಕಾಲು ಒತ್ತುತ್ತಲೇ, “ರಿಸಲ್ಟ್ ಯಾವಾಗಂತೆ?” ಎಂದು ಕೇಳಿತು. ನೆಂಟರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಬೈಬಲಿನ ಯೋಬನಿಗೂ ಇಂಥ ಮೂವರು ಗೆಳೆಯರಿದ್ದರು. ಮಕ್ಕಳನ್ನು, ಆಸ್ತಿಯನ್ನು ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನ ಪಕ್ಕ ಅವರೂ ಏಳು ಹಗಲು ಏಳು ರಾತ್ರಿ ತುಟಿಬಿಚ್ಚದೆ ಕೂತರು. ನನ್ನ ಲೆಕ್ಕದಲ್ಲಿ ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿಬಿಟ್ಟಿದ್ದೇ ತಡ, ನೀನೇನೋ ಪಾಪ ಮಾಡಿರಬೇಕು ಎಂದು ಶುರುಮಾಡಿದರು. ಯೋಬ ದೇವರ ಮೇಲೇ ವ್ಯಾಜ್ಯ ಹೂಡಿದವನಂತೆ ಕೂಗಾಡಿದ. ಕೊನೆಗೆ ದೇವರು ಸಿಟ್ಟಾದದ್ದು ತನ್ನ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಎಂದ. ಹಾಗಂತ ಕಷ್ಟ ಯಾಕೆ ಬಂತು ಎಂಬುದನ್ನು ಯೋಬನಿಗೂ ಹೇಳಲಿಲ್ಲ.

ಅತ್ತೆ ಯೋಬನ ಕತೆಯನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿತ್ತೋ ಕಾಣೆ. ಅದರ ವ್ಯವಹಾರವೆಲ್ಲ ಸಂತ ಅಂತೋಣಿಯವರ ಜೊತೆ. ಕಳೆದದ್ದನ್ನು ಹುಡುಕಿಕೊಡುವುದರಲ್ಲಿ ಅವರಿಗೆ ದೊಡ್ಡ ಹೆಸರು. ಕೆ.ಆರ್. ನಗರದ ಹತ್ತಿರದ ಡೋರನಹಳ್ಳಿಗೆ ಜೂನ್ 13ರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ಬೀಗದ ಕೈ, ಮೂಗುತಿ, ಒಮ್ಮೆ ತಪ್ಪಿಸಿಕೊಂಡ ಎಮ್ಮೆ, ಎಲ್ಲವೂ ಅತ್ತೆಗೆ ಸಿಕ್ಕಿದ್ದವು. ಮಗ ಸಿಗಲಿಲ್ಲ. ತಪಸ್ಸುಕಾಲದ ಒಂದು ಶುಕ್ರವಾರ, ಗುಡಿಯಲ್ಲಿ ಶಿಲುಬೆ ಹಾದಿ ನಡೆಯುತ್ತಿದ್ದ ಹೊತ್ತಿನಲ್ಲೇ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಅಂತೋಣಿಯವರ ಪಟವನ್ನು ಗೋಡೆ ಕಡೆ ತಿರುಗಿಸಿಬಿಟ್ಟಿತು. ಆದರೆ ಸಂಜೆಯಾದರೆ ಪಟದ ಬೆನ್ನಿಗೇ ಮೇಣದಬತ್ತಿ ಹಚ್ಚಿ ಜಪಸರ ಹಿಡಿದು ಕೂರುತ್ತಿತ್ತು. “ಇದೇನತ್ತೆ?” ಎಂದರೆ, “ಮಕ ನೋಡಾಕೆ ಮನ್ಸಿಲ್ಲ ಕನಪ್ಪ. ಅಂಗಂತ ಮಾತು ಬುಟ್ಬುಡಾಕಾದದಾ?” ಎಂದಿತು. ಫಾದರ್ ಮನೆಗೆ ಬಂದವರು ಪಟ ನೋಡಿದರು, ಅತ್ತೆಯನ್ನು ನೋಡಿದರು, ಕಾಫಿ ಕುಡಿದು ಹೋದರು. ತಿಳಿದವರು.

ಮುನಿಸಿಕೊಂಡೂ ಮಾತು ಬಿಡದಿರುವುದು ಮಂಡ್ಯದವರಿಗೇನು ಹೊಸದಲ್ಲ. ನಮ್ಮದು ಧರಣಿ ಕೂರುವ ಊರು. 2023ರಲ್ಲಿ ಮಳೆ ಕೈಕೊಟ್ಟು ಕಾವೇರಿ ನೀರಿನ ಗಲಾಟೆ ಎದ್ದಾಗ ಸರ್ ಎಂ.ವಿ. ಪ್ರತಿಮೆಯ ಮುಂದೆ ಶಾಮಿಯಾನ ಬಿತ್ತು. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ ಎಂಬುದು ಇಲ್ಲಿ ಮಕ್ಕಳಿಗೂ ಬಾಯಿಪಾಠ. ಅಂಥ ವರ್ಷ ಭಾನುವಾರದ ಪೂಜೆಯ ಬಿನ್ನಹಗಳಲ್ಲೂ ಕಟ್ಟೆಯ ನೀರಿನ ಮಟ್ಟ ನುಸುಳಿಬಿಡುತ್ತದೆ. ಧರಣಿ ಕೂತವನು ಸರ್ಕಾರವನ್ನು ಬಾಯಿಗೆ ಬಂದಂತೆ ಬಯ್ಯುತ್ತಾನೆ, ಆದರೆ ಸರ್ಕಾರವೇ ಇಲ್ಲ ಅನ್ನುವುದಿಲ್ಲ. ಇಲ್ಲ ಅನ್ನುವವನು ಶಾಮಿಯಾನದ ಬಾಡಿಗೆ ಯಾಕೆ ಕಟ್ಟಿಯಾನು? ಬೈಬಲಿನ 150 ಕೀರ್ತನೆಗಳಲ್ಲೂ ಸ್ತುತಿಯ ನಡುನಡುವೆ ಇಂಥ ಧರಣಿಗಳು ಬೇಕಾದಷ್ಟಿವೆ. 88ನೆಯದಂತೂ ಒಂದು ಸಮಾಧಾನದ ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ತೆಗೆದುಹಾಕದೆ ಉಳಿಸಿಕೊಂಡ ಹಿರಿಯರು ನನಗೆ ಬಹಳ ಇಷ್ಟ.

ಪ್ರಾರ್ಥಿಸಿ ಕಾದವರ ಕತೆ ಬೇಕೆಂದು ಶ್ರೀರಂಗಪಟ್ಟಣದ ಕಡೆ ಹೋದರೆ ಗಂಜಾಂ ಸಿಗುತ್ತದೆ. 1784ರಲ್ಲಿ ಕೆನರಾದಿಂದ ಸೆರೆಯಾಗಿ ಈ ಪಟ್ಟಣಕ್ಕೆ ಬಂದ ಕ್ರೈಸ್ತರು 1799ರವರೆಗೆ ಬಿಡುಗಡೆಗೆ ಕಾದರು. ಬದುಕಿ ಉಳಿದವರು ಪ್ರಾರ್ಥನೆ ಫಲಿಸಿತು ಎಂದಿರಬಹುದು. ನಡುವೆ ಸತ್ತವರೂ ಪ್ರಾರ್ಥಿಸಿಯೇ ಸತ್ತಿರಬೇಕು. ಪಟ್ಟಣ ಬಿದ್ದ ಮೇಲೆ ಚದುರಿದ ಸಭೆಯನ್ನು ಕೂಡಿಸಲು ಬಂದವನು ಫ್ರಾನ್ಸಿನ ಪಾದ್ರಿ ಅಬ್ಬೆ ದುಬೋಯ್. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡ. ಸಿಡುಬಿಗೆ ಬರೀ ಪ್ರಾರ್ಥನೆ ಸಾಲದೆಂದು ಸಾವಿರಾರು ಜನಕ್ಕೆ ಲಸಿಕೆ ಹಾಕಿಸಿದ. ಭಾರತದಲ್ಲಿ ಮೂವತ್ತು ವರ್ಷ ದುಡಿದು, ಈ ಜನ ಕ್ರೈಸ್ತರಾಗುವುದು ಆಗದ ಮಾತು ಎಂದು ತೀರ್ಮಾನಿಸಿ 1823ರಲ್ಲಿ ಹೊರಟುಹೋದ. ಅದೇ ವರ್ಷ ಆ ಮಾತಿನ ಪುಸ್ತಕವೂ ಅಚ್ಚಾಯಿತು. ಅವನ ಸಭೆ ಮಾತ್ರ ಆ ಪುಸ್ತಕ ಓದುವ ಗೋಜಿಗೆ ಹೋಗಲಿಲ್ಲ. ಗಂಜಾಂನಲ್ಲಿ ಇಂದಿಗೂ ಪೂಜೆಯ ಗಂಟೆ ಹೊಡೆಯುತ್ತದೆ.

ಅತ್ತೆಯ ಪಕ್ಕದ ಮನೆಯ ಗೌಡತಿ ಮಗಳ ಮದುವೆಗೆಂದು ಅದೇ ಅಂತೋಣಿಯವರಿಗೆ ಹರಕೆ ಹೊತ್ತಿದ್ದರು. ಮುಂದಿನ ಹಬ್ಬದೊಳಗೆ ಗಂಡು ಗೊತ್ತಾಯಿತು. ಹರಕೆ ತೀರಿಸಲು ಜೊತೆಗೆ ಬಾ ಎಂದು ಅವರು ಅತ್ತೆಯನ್ನು ಕರೆದಾಗ ನಾನು ಅದರ ಮುಖ ನೋಡಿದೆ. “ನಿಮ್ಗಾದ್ರೆ ಬಿರ್‍ರನೆ ಮಾಡ್ಕೊಡ್ತಾನೆ, ಹೊಸಬರು. ನಾನು ಮನೆಯೋಳು, ಸಲಿಗೆ ಜಾಸ್ತಿ” ಎಂದು ಅತ್ತೆ ಸೀರೆ ಬದಲಾಯಿಸಲು ಒಳಗೆ ಹೋಯಿತು. ಮದ್ದೂರು ಸ್ಟೇಷನ್ನಿನಲ್ಲಿ ಗೌಡತಿ ವಡೆ ಕೊಡಿಸಿದರು. ಹರಕೆಯವರ ದುಡ್ಡೆಂದು ಅತ್ತೆ ಇನ್ನೊಂದು ಕಟ್ಟಿಸಿಕೊಂಡಿತು.